ನೀಲಮ್ಮನವರ ಕಾರಿನ ನೆಲದ ಬಣ್ಣ

ಕಾರಿನ ಒಳನೆಲಕ್ಕೆ ಕಾರ್ಪೆಟ್ ಹಾಕುವ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುವುದು ಅಂಟಿನ ಬಗ್ಗೆ. ಯಾವ ಅಂಟು, ಎಷ್ಟು ಹೊತ್ತು ಒಣಗಬೇಕು, ಬೇಸಿಗೆಯಲ್ಲಿ ಹೇಗೆ. ಹೇಳುತ್ತೇನೆ. ಆದರೆ ಮೊದಲು ತೊಳೆಯುವುದರ ಬಗ್ಗೆ ಹೇಳಬೇಕು. ತೊಳೆಯದೆ ಬಿಟ್ಟ ಒಂದು ಹಳೆಯ ಕಾರ್ಪೆಟ್ಟಿನಿಂದಾಗಿ ಕಂಪ್ಲಿಯ ಒಬ್ಬ ಹೆಣ್ಣುಮಗಳು ಮೂವತ್ತು ವರ್ಷ ನಡೆಸಿದ ಅಕ್ಕಿ ಮಿಲ್ಲನ್ನು ಬಿಟ್ಟುಕೊಡುವುದರಲ್ಲಿದ್ದರು. ತೊಳೆಯದೆ ಬಿಟ್ಟವನು ನಾನು.

ಇನ್ನೊಂದು ಮಾತು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಹೊಸ ಕಾರ್ಪೆಟ್ಟಿನ ಹಾಗೆ ಅದು ಕೆಳಗಿನ ತುಕ್ಕು, ತೂತು ಎಲ್ಲವನ್ನೂ ಮುಚ್ಚಿಕೊಂಡು ಚಂದ ಕಾಣುತ್ತದೆ. ಹಾಗಾಗಿ ಒಂದೇ ಸಂಗತಿಗೆ ಎರಡು ನೆನಪು ಬಂದಲ್ಲಿ ಎರಡನ್ನೂ ಬರೆದಿದ್ದೇನೆ. ಆರಿಸಿಕೊಳ್ಳುವ ಕೆಲಸ ನಿಮ್ಮದು.

ಹೊಸಪೇಟೆಯಲ್ಲಿ ಬಳ್ಳಾರಿ ಕಡೆ ಹೋಗುವ ರಸ್ತೆಯ ಬದಿಗೆ ಇಮಾಮ್ ಸಾಹೇಬರ ಕುಶನ್ ಅಂಗಡಿ ಇತ್ತು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ನಾನು ಅಲ್ಲಿ ನನ್ನ ಇಡೀ ವಯಸ್ಸನ್ನು ತಲೆ ಕಾರಿನೊಳಗೆ, ಕಾಲು ಹೊರಗೆ ಇಟ್ಟುಕೊಂಡು ಕಳೆದೆ. ಊರಿನ ಎಷ್ಟೋ ಜನ ನನ್ನ ಮುಖ ನೋಡಿದ್ದೇ ಇಲ್ಲ. ಪಾದ ನೋಡಿ "ಮಲ್ಲೇಶಿ ಒಳಗದಾನ" ಎಂದು ಮಾತಾಡಿಸಿ ಹೋಗುತ್ತಿದ್ದರು.

ಉಸ್ತಾದರ ಪದ್ಧತಿ ನಿಧಾನದ್ದು. ಸೀಟು ಬಿಚ್ಚು. ಬಾಗಿಲಿನ ಹೊಸ್ತಿಲ ಪಟ್ಟಿ ಬಿಚ್ಚು. ಹಳೆಯ ಕಾರ್ಪೆಟ್ಟನ್ನು ಹರಿಯದಂತೆ ಎತ್ತು. ಅದನ್ನು ತೊಳೆ, ಒಣಗಿಸು, ಒಂದೊಂದು ಹೊಲಿಗೆಯನ್ನೂ ಬಿಚ್ಚಿ ಚಪ್ಪಟೆ ಮಾಡು. ಆಮೇಲೆ ಸಿಮೆಂಟ್ ಚೀಲದ ಕಾಗದದ ಮೇಲೆ ಇಟ್ಟು ಅಳತೆ ತೆಗೆ. "ಹಳೇ ಕಾರ್ಪೆಟ್ಟs ನಿನಗ ಉಸ್ತಾದ್, ನಾನಲ್ಲ. ಅದು ಇಪ್ಪತ್ತು ವರ್ಷ ಆ ಗಾಡಿಯೊಳಗ ಇದ್ದದ್ದು. ನಾನು ಇವತ್ತು ಬಂದಾಂವ" ಎನ್ನುತ್ತಿದ್ದರು.

ಅಂಟಿನ ವಿಷಯ ಕೇಳಿದಿರಲ್ಲ, ಅವರ ಪಾಠ ಇಷ್ಟೇ: ಎರಡೂ ಕಡೆ ಹಚ್ಚು, ಕೈ ಕಟ್ಟಿ ಕೂಡು. ಬೆರಳಿಟ್ಟರೆ ಹತ್ತಿಕೊಳ್ಳುತ್ತಿದೆ ಅಂದರೆ ಇನ್ನೂ ಸಮಯವಾಗಿಲ್ಲ. ಹತ್ತದಂತೆ ಆದಾಗಲೇ ಒತ್ತಬೇಕು. ಆಗ ಅದು ಸಾಯುವವರೆಗೂ ಬಿಡುವುದಿಲ್ಲ. ಕಾರಿನ ನೆಲದ ಮಧ್ಯದ ಉಬ್ಬಿನಿಂದ ಶುರು ಮಾಡಿ ಹೊರಗೆ ಬರಬೇಕು, ಹೊರಗಿನಿಂದ ಒಳಗೆ ಹೋದರೆ ನಡುವೆ ಸುಕ್ಕು ಬಂದೇ ಬರುತ್ತದೆ. ಬೋಲ್ಟಿನ ತೂತನ್ನು ಮೊದಲೇ ಕತ್ತರಿಸಬಾರದು. ಕಾರ್ಪೆಟ್ ಕೂತ ಮೇಲೆ ಕಾಯಿಸಿದ ದಬ್ಬಣದಿಂದ ಕೆಳಗಿನ ತೂತನ್ನು ಹುಡುಕಿ ಚುಚ್ಚಬೇಕು. ಉಣ್ಣೆಯ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಬೇಕು. ಒಂದು ತುಂಡು ತಿರುಗುಮುರುಗಾದರೆ ಒಂದೇ ಬಣ್ಣ ಬಿಸಿಲಲ್ಲಿ ಎರಡಾಗುತ್ತದೆ.

ಆಮೇಲೆ ಕಬ್ಬಿಣದ ಅದಿರಿನ ಕಾಲ ಬಂತು. ಅಬ್ಬಾ, ಆ ವರ್ಷಗಳು! ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ರಸ್ತೆ ಕಾಣುತ್ತಿರಲಿಲ್ಲ. ಲಾರಿ, ಲಾರಿ, ಲಾರಿ. ನಿನ್ನೆ ಸೈಕಲ್ಲಿನಲ್ಲಿ ಬಂದವನು ಇವತ್ತು ಎತ್ತರದ ಹೊಸ ಗಾಡಿಯಲ್ಲಿ ಬಂದು, ನಂಬರ್ ಪ್ಲೇಟು ಬರುವ ಮೊದಲೇ "ನೆಲ ಮಾಡ್ರಿ, ಸಂಜೀಗೆ ಬೇಕು" ಅನ್ನುತ್ತಿದ್ದ. ಎಲ್ಲರಿಗೂ ಸಂಜೆಗೆ ಬೇಕು! ಹಂಪಿಯ ಒಬ್ಬ ಆಟೋದವನು ವಿದೇಶಿಗರಿಗೆಂದು ತನ್ನ ಆಟೋಗೇ ಕಾರ್ಪೆಟ್ ಹಾಕಿಸಿಕೊಂಡು ಹೋದ. ವಾರದ ಮೇಲೆ ವಾಪಸು ಬಂದ. "ಮಲ್ಲೇಶಣ್ಣ, ತಗದುಬಿಡ್ರಿ. ಗುಡಿ ಅಂತ ತಿಳಕಂಡು ಎಲ್ಲಾರೂ ಚಪ್ಲಿ ಕೆಳಗs ಬಿಟ್ಟು ಹತ್ತಾಕತ್ಯಾರ. ವಿಠ್ಠಲನ ಗುಡಿಗೆ ಹೋಗಿ ಇಳದ್ರ ಬರಿಗಾಲು!"

ಆ ಅವಸರದಲ್ಲಿ ನಾನು ಉಸ್ತಾದರ ಪದ್ಧತಿಯನ್ನು ಒಂದೊಂದಾಗಿ ಬಿಟ್ಟೆ. ಮೊದಲು ಬಿಟ್ಟದ್ದು ಪೆಡಲ್ ಪರೀಕ್ಷೆ, ಅಂದರೆ ಕಾರ್ಪೆಟ್ ಕೂತ ಮೇಲೆ ಪೆಡಲ್ ಎಲ್ಲೂ ತಾಗದೆ ಆಡುತ್ತದೆಯೇ ಎಂದು ಒತ್ತಿ ನೋಡುವುದು. ಒಬ್ಬ ಗುತ್ತಿಗೆದಾರರ ಜೀಪಿಗೆ ದಪ್ಪ ಕಾರ್ಪೆಟ್ ಹಾಕಿ, ಆಕ್ಸಿಲರೇಟರ್ ಕೆಳಗೆ ಜಾಗ ಬಿಡದೆ ಕಳಿಸಿದೆ. ಸಂಡೂರಿನ ಇಳಿಜಾರಿನಲ್ಲಿ ಪೆಡಲ್ ಹೋಗಿ ಕಾರ್ಪೆಟ್ಟಿನ ಅಂಚಿಗೆ ಸಿಕ್ಕಿಕೊಂಡಿತು. ಡ್ರೈವರ್ ಬಗ್ಗಿ, ಕೈ ಹಾಕಿ ಕಿತ್ತು, ಬದುಕಿಕೊಂಡು ಬಂದು ಆ ತುಂಡನ್ನು ನನ್ನ ಮುಖಕ್ಕೆ ಎಸೆದ. "ಲೇ ಮಲ್ಲೇಶಿ, ನಿನ್ನ ಕಂಬಳಿ ನನ್ನ ಹೊದಿಸಿ ಮಲಗಿಸ್ತಿತ್ತಲೇ!"

ಉಸ್ತಾದ್ ಏನು ಮಾಡಿದರು? ಒಂದು ನೆನಪಿನಲ್ಲಿ ಅವರು ನನ್ನ ಕೆನ್ನೆಗೆ ಹೊಡೆದರು. ಇನ್ನೊಂದರಲ್ಲಿ ಡ್ರೈವರ್ ಸೀಟಿನಲ್ಲಿ ಕೂರಿಸಿ ನೂರು ಸಲ ಪೆಡಲ್ ಒತ್ತಿಸಿ ಎಣಿಸಿದರು. ಕೆನ್ನೆಯ ಉರಿಯೂ ನೆನಪಿದೆ, ಮೊಣಕಾಲಿನ ನೋವೂ ನೆನಪಿದೆ. ಎರಡೂ ಆಗಿರಬಹುದು.

ಅಂಥ ದಿನಗಳಲ್ಲೇ ಆ ಕಾರು ಬಂತು.

ವರ್ಷಗಟ್ಟಲೆ ನಿಂತಿದ್ದ ಗಾದಿಗನೂರಿನ ಶೆಡ್ಡಿನಿಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಕಪ್ಪು ಬಣ್ಣದ ಇಂಗ್ಲಿಷ್ ಕಾರು. ಗುಂಡು ಕಣ್ಣು, ಮುಂದಿನಿಂದ ಹಿಂದಕ್ಕೆ ತೆರೆಯುವ ಬಾಗಿಲು, ಹಿಂದಿನ ಗಾಜು ಒಡೆದಿತ್ತು. ನಾನು ಅದರ ಸುತ್ತ ಎರಡು ಸಲ ಓಡಿದೆ. ಅಂಥದ್ದನ್ನು ಮುಟ್ಟಲು ಎಷ್ಟು ವರ್ಷ ಕಾದಿದ್ದೆ!

ಕಾರಿನ ಜೊತೆ ಬಂದವರು ಇಬ್ಬರು, ಅಕ್ಕ ಮತ್ತು ತಮ್ಮ. ಅಕ್ಕ ನೀಲಮ್ಮ, ಎಪ್ಪತ್ತರ ಹತ್ತಿರದವರು. ಕಂಪ್ಲಿಯಲ್ಲಿ ತಂದೆ ಕಟ್ಟಿಸಿದ ಅಕ್ಕಿ ಮಿಲ್ಲನ್ನು ಅವರೇ ನಡೆಸುತ್ತಿದ್ದರು. ಮಿಲ್ಲಿನ ಬೀಗದ ಕೈಗಳ ಗೊಂಚಲು ಸೊಂಟದಲ್ಲಿ ತೂಗುತ್ತಿತ್ತು. ತಮ್ಮ ಶರಣಪ್ಪ ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸಿ ದೊಡ್ಡವರಾದವರು. ಅವರ ಮಗಳ ಮದುವೆ ಹೊಸಪೇಟೆಯಲ್ಲಿ, ಮೂರು ವಾರದಲ್ಲಿ. ಮದುಮಗಳು ಅಜ್ಜನ ಕಾರಿನಲ್ಲಿ ಬರಬೇಕೆಂದು ಅವರ ಆಸೆ.

"ನಮ್ಮಪ್ಪ ಇದ್ದಾಗ ಹೆಂಗಿತ್ತೋ ಹಂಗs ಆಗಬೇಕ್ರಿ" ಎಂದರು ಶರಣಪ್ಪ. "ಒಳಗ ಎಲ್ಲಾ ಕೆಂಪು. ಮಸ್ತ್ ಕೆಂಪು."

"ಹಸರು" ಎಂದರು ನೀಲಮ್ಮ.

"ಅಕ್ಕ, ಕೆಂಪು."

"ಹಸರಲೇ. ಭತ್ತದ ಸಸಿ ಹಸರು. ಅಪ್ಪ ಮದ್ರಾಸಿನಿಂದ ತಂದ ದಿನ ನಾನs ಚಪ್ಲಿ ಬಿಟ್ಟು ಕಾಲಿಟ್ಟೀನಿ."

"ಫೋಟೋ ಇರಬೇಕಲ್ರಿ?" ಎಂದೆ ನಾನು.

"ಐತಿ" ಎಂದು ನಕ್ಕರು ಶರಣಪ್ಪ. "ಕಪ್ಪು ಬಿಳುಪು."

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ದನಿ ಇಳಿಸಿದರು. ಕೆಟ್ಟ ಮನುಷ್ಯರಲ್ಲ ಅವರು, ಕಣ್ಣಲ್ಲಿ ನೀರಿತ್ತು. "ಆಕಿಗೆ ನೆನಪು ನಿಲ್ಲವಲ್ದು. ಹೋದ ತಿಂಗಳು ಗೋದಾಮಿನ ಕೀಲಿ ಎಲ್ಲೋ ಇಟ್ಟು ಎರಡು ದಿನ ಮಿಲ್ಲು ಬಂದ್ ಆತು. ಮದುವಿ ದಿನ ಹಿರೇರು ಎಲ್ಲಾ ಕೂಡ್ತಾರ. ಅವರ ಮುಂದ ಬೀಗದ ಕೈ ಇಸಗೊಳ್ತೀನಿ. ಕೊಡೂದಿಲ್ಲ ಅಂತ ಹಟ ಹಿಡಿದಾಳ."

ನಾನು ಒಳಗೆ ಬಗ್ಗಿ ಸೀಟಿನ ಬೋಲ್ಟ್ ಬಿಚ್ಚಿ, ಹಳೆಯ ಕಾರ್ಪೆಟ್ಟನ್ನು ನಾಲ್ಕು ತುಂಡಾಗಿ ಎತ್ತಿ ಅವರಿಬ್ಬರ ಮುಂದೆ ನೆಲಕ್ಕೆ ಹಾಸಿದೆ.

ಕೆಂಪು. ಇಟ್ಟಿಗೆಯ ಕೆಂಪು. ಅಂಚಿನಿಂದ ಅಂಚಿಗೆ.

ಕೊಡವಿದೆ. ಮೋಡದಷ್ಟು ಧೂಳು ಎದ್ದಿತು. ಧೂಳು ಹೋಯಿತು, ಬಣ್ಣ ಉಳಿಯಿತು ಎಂದುಕೊಂಡೆ. ಸೀಟಿನ ಕಾಲಿದ್ದ ಜಾಗ ನೋಡಿದೆ, ಅಲ್ಲಿ ತುಕ್ಕು, ಅದೂ ಕೆಂಪು. ಬೆರಳಿಂದ ಉಜ್ಜಿದೆ, ಬೆರಳು ಕೆಂಪಾಯಿತು. ಬೇರೆ ಊರಿನ ಕೆಲಸಗಾರನಾಗಿದ್ದರೆ ಅಲ್ಲಿಗೇ ಅನುಮಾನ ಬರುತ್ತಿತ್ತು. ನನಗೆ ಬರಲಿಲ್ಲ. ನನ್ನ ಬೆರಳು ಮೊದಲೇ ಕೆಂಪಿತ್ತು! ಆ ವರ್ಷಗಳಲ್ಲಿ ನಮ್ಮ ಬಿಳಿ ಅಂಗಿ ಕೆಂಪು, ಬೇವಿನ ಎಲೆ ಕೆಂಪು, ಸೀನಿದರೆ ಕೆಂಪು, ಬಿಳಿ ನಾಯಿಯನ್ನು ಎಲ್ಲರೂ 'ಕೆಂದ' ಎಂದು ಕರೆಯುತ್ತಿದ್ದರು. ಮೀನಿಗೆ ನೀರು ಕಂಡಷ್ಟೇ ನಮಗೆ ಆ ಧೂಳು ಕಾಣುತ್ತಿತ್ತು.

"ನೋಡು ಅಕ್ಕ" ಎಂದರು ಶರಣಪ್ಪ ಮೆಲ್ಲಗೆ. "ಕಣ್ಣಾರೆ ನೋಡು."

ನೀಲಮ್ಮ ಬಗ್ಗಿ ನೋಡಿದರು. ಕೈ ಆಡಿಸಿದರು. ಆಮೇಲೆ, "ಹಂಗಾರ ನನಗs ಮರ್ತಿರಬೇಕು" ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡರು. ಹೊರಡುವಾಗ ನನಗೆ "ಬರ್ತೀನಿ ವೀರೇಶ" ಎಂದರು. ಶರಣಪ್ಪ ನನ್ನತ್ತ ನೋಡಿದರು: ಕಂಡಿರಾ? ನನ್ನ ಹೆಸರನ್ನು ಅವರಿಗೆ ಆಗಲೇ ಎರಡು ಸಲ ಹೇಳಿಯಾಗಿತ್ತು.

ನಾನು ಆ ಕಾರ್ಪೆಟ್ಟನ್ನು ತೊಳೆಯಲಿಲ್ಲ. ಹೊಲಿಗೆ ಬಿಚ್ಚಲಿಲ್ಲ. ಇದ್ದ ಹಾಗೆಯೇ ಕಾಗದದ ಮೇಲಿಟ್ಟು ಅಳತೆ ತೆಗೆದೆ. ಹುಬ್ಬಳ್ಳಿಯಿಂದ ಕೆಂಪು ಉಣ್ಣೆ ಕಾರ್ಪೆಟ್ ತರಿಸಿದೆ. ಎಂಜಿನ್ನು, ಗಾಜು ಮೆಕ್ಯಾನಿಕ್ಕಿನ ಪಾಲಿಗೆ ಹೋದವು. ಆ ಹತ್ತು ದಿನದ ಕೆಲಸ ಇದೆಯಲ್ಲ, ನನ್ನ ಜೀವನದ ಅತಿ ಒಳ್ಳೆಯ ಕೆಲಸ ಅದು, ಈಗಲೂ ಹೇಳುತ್ತೇನೆ. ಮಧ್ಯದ ಉಬ್ಬಿನ ಮೇಲೆ ಹಬೆ ಹಿಡಿದು ಎಳೆದು ಕೂರಿಸಿದಾಗ ಒಂದು ಸುಕ್ಕಿಲ್ಲ, ಒಂದು ಕತ್ತರಿ ಗುರುತಿಲ್ಲ. ಉಣ್ಣೆ ಎಲ್ಲ ಒಂದೇ ದಿಕ್ಕಿಗೆ ಮಲಗಿತ್ತು. ಉಸ್ತಾದ್ ಕೂಡ ಬಂದು ಅಂಗೈ ಆಡಿಸಿ "ಹ್ಞೂಂ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಮದುವೆಗೆ ನಾಲ್ಕು ದಿನ ಇತ್ತು. ಉಳಿದಿದ್ದು ಹಿಮ್ಮಡಿ ಪಟ್ಟಿ ಒಂದೇ. ಡ್ರೈವರನ ಹಿಮ್ಮಡಿ ಊರುವ ಜಾಗದಲ್ಲಿ ಕಾರ್ಪೆಟ್ ಸವೆಯದಿರಲೆಂದು ಮೇಲೆ ಹೊಲಿಯುವ ರಬ್ಬರ್ ತುಂಡು ಅದು. ತರಿಸಿದ ಹೊಸದು ಅಳತೆಗೆ ಸಣ್ಣದಾಯಿತು. ಹಳೆಯದನ್ನೇ ಬಿಚ್ಚಿ ಹಾಕೋಣವೆಂದು ಮೂಲೆಯಲ್ಲಿದ್ದ ಹಳೆಯ ಕಾರ್ಪೆಟ್ ತಂದು ಬ್ಲೇಡಿನಿಂದ ಹೊಲಿಗೆ ಕಿತ್ತೆ. ರಬ್ಬರ್ ಎದ್ದು ಬಂತು.

ಹಸಿರು!

ಅಂಗೈ ಅಗಲದ, ಸಸಿಮಡಿಯ ಎಳೆ ಹಸಿರು. ಸುತ್ತ ಕೆಂಪು, ನಡುವೆ ಚೌಕ ಕತ್ತರಿಸಿಟ್ಟ ಹಾಗೆ. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೂಗಿದೆ ಎಂದು ಪಕ್ಕದ ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ಒಂದು ತುದಿಗೆ ನೀರು ಹಾಕಿ ಹಿಂಡಿದೆ. ಕೈಯಿಂದ ರಕ್ತದಂಥ ನೀರು ಇಳಿಯಿತು. ಅದು ಬಣ್ಣವಾಗಿರಲಿಲ್ಲ. ಅದಿರು. ವರ್ಷಗಟ್ಟಲೆ ಶೆಡ್ಡಿನ ಮುಂದೆ ಹಾದುಹೋದ ಲಾರಿಗಳ ಅದಿರು.

ಉಸ್ತಾದರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ತೊಳದಿದ್ದಿಲ್ಲ?"

"ಇಲ್ಲ."

"ಹೊಲಿಗಿ ಬಿಚ್ಚಿದ್ದಿಲ್ಲ?"

"ಇಲ್ಲ ಉಸ್ತಾದ್. ಈಗ ಸುಮ್ನಿದ್ರ ಯಾರಿಗೂ ಗೊತ್ತಾಗೂದಿಲ್ಲ..."

ಈ ಕೊನೆಯ ಮಾತನ್ನು ನಾನು ಅಂದೆ. ಬಿಟ್ಟು ಬರೆಯಬಹುದಿತ್ತು. ಹೊಸ ಕೆಲಸ ಅಷ್ಟು ಚಂದ ಬಂದಿತ್ತು, ಅದು ತಪ್ಪು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಉಸ್ತಾದ್ ಬೈಯಲಿಲ್ಲ. "ಆ ತಾಯಿ ಸುಮ್ನ ಹೋದ್ಲು. ನಿನ್ನ ಕೈ ಸಾಕ್ಷಿ ಹೇಳಿತ್ತು, ಅದಕ್ಕ. ಕೈ ತಪ್ಪೇತಿ. ಬಾಯಿ ತಪ್ಪಿಸಬ್ಯಾಡ. ಕಂಪ್ಲಿ ಬಸ್ಸು ಹತ್ತು" ಎಂದರು.

ಹತ್ತಿದೆ. ಹಳೆಯ ಕಾರ್ಪೆಟ್ಟಿನ ಡ್ರೈವರ್ ಕಡೆಯ ತುಂಡನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದವನು "ಮಗು ಏನ್ರಿ?" ಎಂದು ಕೇಳಿದ.

ಮಿಲ್ಲಿನ ಕಟ್ಟೆಯ ಮೇಲೆ ನೀಲಮ್ಮ ಕೂತಿದ್ದರು. ಸೊಂಟದಲ್ಲಿ ಬೀಗದ ಕೈ ಇರಲಿಲ್ಲ. ತಮ್ಮನಿಗೆ ಒಪ್ಪಿಸಲು ಎತ್ತಿಟ್ಟಂತೆ, ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿಯೊಳಗೆ ಇತ್ತು. ಸೆರಗಿನ ಅಂಚಿನುದ್ದಕ್ಕೂ ಗಂಟುಗಳು, ಏಳೋ ಎಂಟೋ.

"ಏನ್ರಿ ಅಮ್ಮ ಇವು?"

"ಮರೀಬಾರ್ದಲ್ಲಪ್ಪ. ಇದು ಹಮಾಲರಿಗೆ ಹೇಳೂದು. ಇದು ಭತ್ತ ಒಣಗಿಸೂದು. ಇದು..." ಬೆರಳು ಮೂರನೆಯ ಗಂಟಿನ ಮೇಲೆ ನಿಂತಿತು. "ಇದು ಯಾವುದಂತ ಮರ್ತೀನಿ" ಎಂದು ನಕ್ಕರು. ಆ ನಗು ನನಗೆ ಬೇಡವಾಗಿತ್ತು.

ನಾನು ತುಂಡನ್ನು ಬಿಡಿಸಿ ಅವರ ಮಡಿಲಲ್ಲಿ ಇಟ್ಟೆ. ಅವರು ಹಸಿರು ಚೌಕವನ್ನು ನೋಡಿದರು. ಕಣ್ಣಿಗೆ ಹತ್ತಿರ ತಂದರು. ಮೂಸಿದರು.

"ಎಲ್ಲಿ ಸಿಕ್ತು?"

"ನಿಮ್ಮಪ್ಪಾರ ಹಿಮ್ಮಡಿ ಕೆಳಗ."

ಆಮೇಲೆ ಆ ಹೆಣ್ಣುಮಗಳು ಕಟ್ಟೆಯಿಂದ ಜಿಗಿದರು ಎಂದೇ ಬರೆಯುತ್ತೇನೆ. ಆ ವಯಸ್ಸಿನಲ್ಲಿ ಜಿಗಿಯಲಾರರು, ಇಳಿದಿರಬೇಕು. ನನ್ನ ನೆನಪಿನಲ್ಲಿ ಜಿಗಿದರು. "ಲೇ ಶರಣಾ!" ಎಂದು ಸಂಡೂರಿಗೆ ಕೇಳಿಸುವಂತೆ ಕೂಗಿ, ನನ್ನ ಕಡೆ ತಿರುಗಿ "ತೊಳದಿಯೇನು ಇದನ್ನ?" ಎಂದರು.

"ಇಲ್ರಿ. ನಂದs ತಪ್ಪು. ಮೊದಲs ತೊಳೀಬೇಕಿತ್ತು."

"ನಡಿ, ತೊಳಿಯೋಣು. ಸೋಪು ಹಾಕಬ್ಯಾಡ, ಉಣ್ಣಿ ಹಾಳಾಕ್ಕತಿ. ಅಂಟುವಾಳ ತಗೋತೀನಿ." ಡಬ್ಬಿಯಿಂದ ಗೊಂಚಲು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಗ್ರಾಣದ ಬೀಗ ತೆಗೆದು, ಒಂದು ಚೀಲ ಅಂಟುವಾಳ ಹೊರಗೆ ತಂದರು.

ಮರುದಿನ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಆದದ್ದನ್ನು ಬರೆಯುವಾಗ ಈಗಲೂ ನನ್ನ ಕೈ ಓಡುತ್ತದೆ. ನೀಲಮ್ಮ ಅಂಟುವಾಳದ ಚೀಲದ ಸಮೇತ ಕಂಪ್ಲಿಯಿಂದ ಬಂದಿಳಿದಿದ್ದರು. ರಸ್ತೆಯ ಧೂಳಿಗೆ ನೀರು ಹೊಡೆಯುವ ಟ್ಯಾಂಕರ್ ಹೋಗುತ್ತಿತ್ತು. ಉಸ್ತಾದ್ ಅಡ್ಡ ನಿಂತು ಅದನ್ನು ನಿಲ್ಲಿಸಿದರು. ಹಳೆಯ ಕಾರ್ಪೆಟ್ಟಿನ ನಾಲ್ಕೂ ತುಂಡುಗಳನ್ನು ಕಲ್ಲಿನ ಮೇಲೆ ಹಾಸಿದೆವು. ಶರಣಪ್ಪನವರಿಗೆ ಫೋನ್ ಮಾಡಿದ್ದೆ. ಮದುವೆಯ ಗಡಿಬಿಡಿಯಲ್ಲಿ ಸಿಟ್ಟಿನಿಂದಲೇ ಬಂದರು. "ಏನ್ ನಾಟಕ ಇದು? ಕೆಲಸ ಮುಗದೈತಿ ಅಂದಿದ್ರಿ!"

"ಮುಗಿದಿಲ್ರಿ. ಬಣ್ಣ ತಪ್ಪೇತಿ. ನಾನು ತಪ್ಪೀನಿ" ಎಂದೆ.

ಟ್ಯಾಂಕರಿನವರು ಪೈಪು ಬಿಟ್ಟರು. ನೀಲಮ್ಮ ಸೀರೆ ಎತ್ತಿ ಕಟ್ಟಿ ಅಂಟುವಾಳದ ನೊರೆಯಲ್ಲಿ ಕಾಲಿನಿಂದ ತುಳಿದರು. ಮೊದಲ ನೀರು ಕೆಂಪು. ಎರಡನೆಯದೂ ಕೆಂಪು. ಚರಂಡಿ ಕೆಂಪು, ನಮ್ಮ ಕಾಲು ಕೆಂಪು. ಲಾರಿ ಡ್ರೈವರುಗಳು ಇಳಿದು ಬಂದು ನಿಂತರು. "ಏನ್ ಕುರಿ ಕಡದಿರೇನ್ರಿ?" ಎಂದ ಒಬ್ಬ. ನಾಲ್ಕನೆಯ ಸಲಕ್ಕೆ ನೀರು ತಿಳಿಯಾಗತೊಡಗಿತು. ಅಂಚಿನಲ್ಲಿ ಏನೋ ಮೂಡಿತು. "ಹೊಡೀರಿ, ಹೊಡೀರಿ, ನೀರು ಹೊಡೀರಿ!" ಎಂದು ನಾನೋ ಉಸ್ತಾದರೋ ಕೂಗಿದೆವು. ಹಸಿರು ಬಂತು. ಪೂರ್ತಿ ಹಸಿರಲ್ಲ, ಅಲ್ಲಲ್ಲಿ ಕಂದು ಕಲೆ ಉಳಿದಿತ್ತು, ಇಲಿ ಕಡಿದ ತೂತಿತ್ತು. ಆದರೆ ನೋಡಿದ ಯಾರೂ ಅದನ್ನು ಕೆಂಪು ಎನ್ನುವಂತಿರಲಿಲ್ಲ.

ಶರಣಪ್ಪನವರು ನಿಂತೇ ಇದ್ದರು. "ನಾನು ಕೆಂಪು ಕಂಡಿದ್ದೆ" ಎಂದರು. "ದೇವರಾಣೆ ಅಕ್ಕ, ನಾನು ಅದರಾಗ ಕುಂತು ಆಡೀನಿ. ಕೆಂಪಿತ್ತು."

"ನೀ ಕಂಡದ್ದೂ ಖರೇನs" ಎಂದರು ನೀಲಮ್ಮ, ತುಳಿಯುವುದನ್ನು ನಿಲ್ಲಿಸದೆ. "ನೀ ಆಡೂ ಹೊತ್ತಿಗೆ ಕಾರು ಗಾದಿಗನೂರಿಗೆ ಹೋಗಿತ್ತು, ಅಲ್ಲಿ ಆಗಲೂ ಅದಿರಿನ ಲಾರಿ ಓಡಾಡ್ತಿದ್ವು. ನಾ ಕಂಡದ್ದು ಅದಕ್ಕಿಂತ ಮೊದಲು."

"ಮತ್ತ ಕೀಲಿ ಮರ್ತದ್ದು?"

ನೀಲಮ್ಮ ತಾನು ಏನೂ ಮರೆತಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಾರೆಂದುಕೊಂಡಿದ್ದೆ.

"ಮರ್ತಿದ್ದೆ. ನಿನ್ನೆ ಉಂಡದ್ದೂ ಮರೀತೀನಿ. ಮರೀತೀನಿ ಅಂತ ಗೊತ್ತಿದ್ದಕ್ಕs ಗಂಟು ಕಟ್ಟೀನಿ. ಕೀಲಿ ಕೊಡೂ ದಿನ ಬಂದ್ರ ಅದು ನನಗs ಮೊದಲು ಗೊತ್ತಾಕ್ಕತಿ, ನಾನs ಕೊಡ್ತೀನಿ. ನೀ ಹಿರೇರ ಮುಂದ ಕೇಳಬ್ಯಾಡ. ತಿಳೀತಾ?"

ಶರಣಪ್ಪನವರು ಚಪ್ಪಲಿ ಬಿಟ್ಟರು, ಪ್ಯಾಂಟು ಮಡಿಚಿದರು, ಇನ್ನೊಂದು ತುಂಡಿನ ಮೇಲೆ ಹತ್ತಿ ತುಳಿಯತೊಡಗಿದರು.

ಹೊಸ ಕೆಂಪನ್ನು ಕಿತ್ತು ಹಸಿರು ಹಾಕಲು ಸಮಯವಿರಲಿಲ್ಲ. ಆ ಹಸಿರು ಯಾವ ಅಂಗಡಿಯಲ್ಲೂ ಇರಲಿಲ್ಲ. "ಇರಲಿ ಬಿಡು, ಅದೂ ನನ್ನ ತಮ್ಮ ಕಂಡ ಕಾರು" ಎಂದರು ನೀಲಮ್ಮ. ಹಿಂದಿನ ಸೀಟಿನ ಎಡಗಡೆ, ಚಿಕ್ಕವರಿದ್ದಾಗ ಅವರು ಕೂರುತ್ತಿದ್ದ ಜಾಗದಲ್ಲಿ ಮಾತ್ರ ಕೆಂಪನ್ನು ಎತ್ತಿ, ತೊಳೆದ ಹಳೆಯ ಹಸಿರನ್ನು ಕೂರಿಸಿದೆ. ಅಂಚು ಕೂಡಿಸುವಾಗ ಉಸ್ತಾದ್ ಪಕ್ಕದಲ್ಲೇ ಕೂತಿದ್ದರು. ಅಂಟು ಬೆರಳಿಗೆ ಹತ್ತದಂತಾಗುವವರೆಗೆ ಇಬ್ಬರೂ ಕೈ ಕಟ್ಟಿಕೊಂಡು ಕಾದೆವು.

ನಿಮ್ಮ ಕಾಲದಲ್ಲಿ ಕಾರ್ಪೆಟ್ ಅಚ್ಚಿನಲ್ಲಿ ಎರಕವಾಗಿ ಬರುತ್ತದೆ, ಡಬ್ಬಿಯಿಂದ ಅಂಟು ಚಿಮ್ಮುತ್ತದೆ, ಮಧ್ಯಾಹ್ನಕ್ಕೆ ಗಾಡಿ ಹೊರಗೆ. ಒಳ್ಳೆಯದೇ, ನಿಮ್ಮ ಬೆನ್ನು ಉಳಿಯುತ್ತದೆ. ಆದರೆ ಒಂದು ಹಳೆಯ ಗಾಡಿ ಬಂದು, ಯಾರಾದರೂ "ಹಿಂದೆ ಹೀಗಿತ್ತು" ಎಂದು ಹೇಳಿ, ಇನ್ನೊಬ್ಬರು ಅಲ್ಲವೆಂದರೆ, ಮೊದಲು ಹಿಮ್ಮಡಿ ಪಟ್ಟಿಯ ಹೊಲಿಗೆ ಬಿಚ್ಚಿ. ಆಮೇಲೆ ನೀರು ಹಾಕಿ. ಆಮೇಲೆ ಬಾಯಿ ತೆರೆಯಿರಿ.

ಮದುವೆಯ ದಿನ ಹಿರಿಯರೆಲ್ಲ ಕೂಡಿದರು, ಉಂಡರು, ಎದ್ದರು. ಬೀಗದ ಮಾತನ್ನು ಯಾರೂ ಎತ್ತಲಿಲ್ಲ. ಅದಕ್ಕೂ ಮೊದಲು, ಬೆಳಿಗ್ಗೆ, ಮದುಮಗಳನ್ನು ಕರೆತರಲು ಕಾರು ಹೊರಟಾಗ ಶರಣಪ್ಪನವರೇ ಸ್ಟಿಯರಿಂಗ್ ಹಿಡಿದಿದ್ದರು. ನೀಲಮ್ಮ ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಬರಿಗಾಲನ್ನು ಹಸಿರಿನ ಮೇಲಿಟ್ಟು ಕೂತರು. ಸೊಂಟದಲ್ಲಿ ಗೊಂಚಲು ಗಲಗಲ ಎಂದಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿ ನಕ್ಕರು.

"ಬರ್ತೀನಿ ವೀರೇಶ!"

ಶರಣಪ್ಪನವರು ತಿದ್ದಲು ಬಾಯಿ ತೆರೆದರು. ನಾನು ಬೇಡವೆಂದು ಕೈ ಮಾಡಿದೆ.

"ಹೋಗಿ ಬರ್ರಿ ಅಮ್ಮ" ಎಂದೆ.